ಜಪಾನಿನಲ್ಲಿ ಇಂಗ್ಲಿಷ್ ಮಾಸ್ತರಿಕೆ: ಮೊದಲು ಹನ್ನೆರಡು ವರ್ಷ ಎಣಿಸಿ

"ಜಪಾನಿನಾಗ ಇಂಗ್ಲಿಷ್ ಟೀಚರ್ ಕೆಲಸ ಸಿಗ್ತದಂತ, ಖರೇ ಏನ್ರಿ? ರೊಕ್ಕ ಎಷ್ಟ್ ಕಟ್ಟಬೇಕು?" ಕಲಬುರಗಿಯ ಖಾಸಗಿ ಶಾಲೆಗಳಲ್ಲಿ ಕಡಿಮೆ ಸಂಬಳಕ್ಕೆ ಇಂಗ್ಲಿಷ್ ಕಲಿಸುತ್ತಿರುವ ಯುವಕ ಯುವತಿಯರು ಈ ಎರಡು ಪ್ರಶ್ನೆಗಳನ್ನು ಒಟ್ಟಿಗೇ ಕೇಳುತ್ತಾರೆ. ಮೊದಲನೆಯದಕ್ಕೆ ಉತ್ತರ: ಖರೆ, ಸಿಗುತ್ತದೆ. ಆದರೆ ನೀವು ಓದಿದ ಮಾಧ್ಯಮ ಯಾವುದು ಎಂಬುದರ ಮೇಲೆ ಬಾಗಿಲು ಬದಲಾಗುತ್ತದೆ. ಎರಡನೆಯದಕ್ಕೆ: ನೇರವಾಗಿ ಅರ್ಜಿ ಹಾಕಿದರೆ ಕೆಲಸಕ್ಕಾಗಿ ಯಾರಿಗೂ ರೊಕ್ಕ ಕಟ್ಟಬೇಕಾಗಿಲ್ಲ.

ಜಪಾನಿನಲ್ಲಿ 2020ರ ಏಪ್ರಿಲ್‌ನಿಂದ 5 ಮತ್ತು 6ನೇ ತರಗತಿಗೆ ಇಂಗ್ಲಿಷ್ ಕಡ್ಡಾಯ ವಿಷಯವಾಗಿದೆ. 3 ಮತ್ತು 4ನೇ ತರಗತಿಯ ಮಕ್ಕಳಿಗೆ ಹಾಡು, ಆಟ, ಮಾತುಕತೆಯ ಮೂಲಕ ಕಲಿಸುತ್ತಾರೆ. ಅಲ್ಲಿನ ಶಿಕ್ಷಕರ ಜೊತೆ ತರಗತಿಯಲ್ಲಿ ನಿಂತು ಕಲಿಸಲು ಹೊರದೇಶದ ಸಹಾಯಕ ಭಾಷಾ ಶಿಕ್ಷಕರನ್ನು ತೆಗೆದುಕೊಳ್ಳುತ್ತಾರೆ. ಇವರನ್ನು ಅಲ್ಲಿ ಎಎಲ್‌ಟಿ ಎನ್ನುತ್ತಾರೆ. ಇದಲ್ಲದೆ ಊರೂರಿಗೂ 'ಐಕೈವಾ' ಎಂಬ ಖಾಸಗಿ ಸಂಭಾಷಣಾ ಶಾಲೆಗಳಿವೆ. ಜಾಹೀರಾತುಗಳಲ್ಲಿ 'ನೇಟಿವ್ ಸ್ಪೀಕರ್' ಎಂಬ ಮಾತು ಕಂಡು ಹಿಂದೆ ಸರಿಯಬೇಡಿ. ಜಪಾನಿನ ವಲಸೆ ನಿಯಮದಲ್ಲಿ ಆ ಮಾತಿಲ್ಲ. ಫಿಲಿಪ್ಪೀನ್ಸಿನಿಂದ ಹೋದ ಶಿಕ್ಷಕರು ಇಂದು ಜಪಾನಿನ ಶಾಲೆಗಳಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದಾರೆ, ಅವರ ಮನೆಮಾತೂ ಇಂಗ್ಲಿಷ್ ಅಲ್ಲ.

ಮೊದಲ ಕೆಲಸ: ಎಣಿಕೆ

ಸರ್ಕಾರಿ ಶಾಲೆಯಲ್ಲಿ ಎಎಲ್‌ಟಿ ಆಗಲು ಸಾಮಾನ್ಯವಾಗಿ 'ಬೋಧಕ' ವರ್ಗದ ವೀಸಾ ಬೇಕು. ಅದಕ್ಕೆ ಎರಡು ಷರತ್ತು ಮುಖ್ಯ. ಒಂದು, ಯಾವುದಾದರೂ ವಿಷಯದಲ್ಲಿ ಪದವಿ. ಇನ್ನೊಂದು, ಕಲಿಸುವ ಭಾಷೆಯ ಮಾಧ್ಯಮದಲ್ಲೇ ಕನಿಷ್ಠ 12 ವರ್ಷ ಓದಿರಬೇಕು. ನಮ್ಮ ಭಾಗದ ಬಹುಪಾಲು ಅಭ್ಯರ್ಥಿಗಳ ಹಣೆಬರಹ ಈ ಎರಡನೇ ಷರತ್ತಿನಲ್ಲಿದೆ. ಆದ್ದರಿಂದ ರೆಸ್ಯೂಮೆ ಬರೆಯುವ ಮೊದಲು ಒಂದು ಹಾಳೆ ತೆಗೆದುಕೊಂಡು ವರ್ಷ ಎಣಿಸಿ.

ಒಂದನೇ ತರಗತಿಯಿಂದ ಎರಡನೇ ಪಿಯುಸಿವರೆಗೆ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದರೆ ಅಲ್ಲಿಗೇ 12 ಆಯಿತು. ಕಮಲಾಪುರ ತಾಲ್ಲೂಕಿನ ಹಳ್ಳಿಯ ಹುಡುಗಿಯೊಬ್ಬಳು ಓದಿದ್ದು ಏಳನೇ ತರಗತಿವರೆಗೆ ಕನ್ನಡ ಮಾಧ್ಯಮ, ಎಂಟರಿಂದ ಕಲಬುರಗಿಯಲ್ಲಿ ಇಂಗ್ಲಿಷ್ ಮಾಧ್ಯಮ, ಪಿಯುಸಿ ಸೈನ್ಸ್, ಆಮೇಲೆ ಬಿ.ಇ. ಎಂದಿಟ್ಟುಕೊಳ್ಳಿ. 3, 2, 4, ಒಟ್ಟು 9. ಎಂ.ಟೆಕ್. ಸೇರಿಸಿದರೂ 11, ಒಂದು ವರ್ಷ ಕಡಿಮೆ. ಅದೇ ಹುಡುಗಿ ಬಿ.ಎಸ್ಸಿ., ಬಿ.ಎಡ್., ಎಂ.ಎಸ್ಸಿ. ಮೂರನ್ನೂ ಇಂಗ್ಲಿಷಿನಲ್ಲಿ ಓದಿದ್ದರೆ 12 ತುಂಬುತ್ತದೆ. ಆದರೂ ಕೆಲವು ಕಂಪನಿಗಳು ಕಾಲೇಜಿನ ವರ್ಷಗಳನ್ನು ಬಿಟ್ಟು ಶಾಲೆಯ 12 ವರ್ಷವನ್ನಷ್ಟೇ ಕೇಳುತ್ತವೆ. ಅರ್ಜಿ ಹಾಕುವಾಗಲೇ ಇಮೇಲಿನಲ್ಲಿ ಇದನ್ನು ಕೇಳಿ ಖಚಿತಪಡಿಸಿಕೊಳ್ಳಿ.

ಇಂಗ್ಲಿಷನ್ನು ಒಂದು ವಿಷಯವಾಗಿ ಓದಿದ್ದು ಇಲ್ಲಿ ಲೆಕ್ಕಕ್ಕಿಲ್ಲ. ಎಲ್ಲ ವಿಷಯಗಳನ್ನೂ ಇಂಗ್ಲಿಷಿನಲ್ಲಿ ಓದಿರಬೇಕು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಪಿಯುಸಿ ಮತ್ತು ಬಿ.ಎ. ಕೂಡ ಕನ್ನಡದಲ್ಲಿ ಬರೆದು ಎಂ.ಎ. ಇಂಗ್ಲಿಷಿನಲ್ಲಿ ಚಿನ್ನದ ಪದಕ ಪಡೆದವರಿಗೂ ಈ ಎಣಿಕೆಯಲ್ಲಿ ಸಿಗುವುದು ಎರಡೇ ವರ್ಷ. ಕಲಬುರಗಿ ಕೋಟೆಯ ಆಸುಪಾಸಿನ ಉರ್ದು ಮಾಧ್ಯಮ ಶಾಲೆಗಳಲ್ಲಿ ಓದಿದವರಿಗೂ ಇದೇ ಮಾತು. ಇದು ನ್ಯಾಯವೇ ಎಂದರೆ, ಅಲ್ಲ ಎಂದೇ ನನ್ನ ಅಭಿಪ್ರಾಯ. ಇಂಗ್ಲಿಷನ್ನು ಕಷ್ಟಪಟ್ಟು ಕಲಿತವರಿಗೆ ಮಕ್ಕಳು ಎಲ್ಲಿ ಎಡವುತ್ತಾರೆ ಎಂಬುದು ಚೆನ್ನಾಗಿ ಗೊತ್ತಿರುತ್ತದೆ. ಆದರೆ ನಿಯಮ ಇರುವುದೇ ಹೀಗೆ, ಇದನ್ನು ಮುಚ್ಚಿಟ್ಟು ಆಸೆ ಹುಟ್ಟಿಸುವವರನ್ನು ನಂಬಬೇಡಿ.

ಎಣಿಕೆ ತುಂಬಿದವರಿಗೆ, ತುಂಬದವರಿಗೆ

12 ತುಂಬಿದವರಿಗೆ ಎಎಲ್‌ಟಿ ಬಾಗಿಲು ತೆರೆದಿದೆ. 1987ರಲ್ಲಿ ಶುರುವಾದ ಜಪಾನ್ ಸರ್ಕಾರದ ಜೆಟ್ ಕಾರ್ಯಕ್ರಮ ಇದರಲ್ಲಿ ಅತ್ಯುತ್ತಮವಾದದ್ದು. 2025ರಿಂದ ಅದರ ಮೊದಲ ವರ್ಷದ ಸಂಬಳ ಸುಮಾರು 40 ಲಕ್ಷ ಯೆನ್. ಆದರೆ ಭಾರತದಿಂದ ಆಯ್ಕೆಯಾಗುವವರು ಬೆರಳೆಣಿಕೆಯಷ್ಟು. ದೆಹಲಿಯ ಜಪಾನ್ ರಾಯಭಾರ ಕಚೇರಿ ಯಾವ ಹುದ್ದೆಗೆ ಕರೆದಿದೆ ಎಂದು ಪ್ರತಿ ವರ್ಷ ಸೆಪ್ಟೆಂಬರ್‌ನಿಂದಲೇ ಗಮನಿಸುತ್ತಿರಿ. ಅದೊಂದನ್ನೇ ನಂಬಿ ಕೂರಬೇಡಿ. ಹೆಚ್ಚಿನ ಎಎಲ್‌ಟಿಗಳು ಹೋಗುವುದು ಇಂಟರಾಕ್, ಆಲ್ಟಿಯಾ ಸೆಂಟ್ರಲ್, ಬಾರ್ಡರ್‌ಲಿಂಕ್‌ನಂಥ ಕಂಪನಿಗಳ ಮೂಲಕ. ಇವು ಊರಿನ ಶಿಕ್ಷಣ ಮಂಡಳಿಯ ಜೊತೆ ಗುತ್ತಿಗೆ ಮಾಡಿಕೊಂಡು ಶಾಲೆಗಳಿಗೆ ಶಿಕ್ಷಕರನ್ನು ಕಳಿಸುತ್ತವೆ. ತಿಂಗಳಿಗೆ ಸುಮಾರು 2ರಿಂದ 2.5 ಲಕ್ಷ ಯೆನ್ ಸಿಗುತ್ತದೆ.

12 ತುಂಬದವರಿಗೆ ಐಕೈವಾ ಮತ್ತು ಮಕ್ಕಳ ಇಂಗ್ಲಿಷ್ ಶಾಲೆಗಳಿವೆ. ಇಲ್ಲಿಗೆ ಬೇಕಾದದ್ದು 'ಅಂತರರಾಷ್ಟ್ರೀಯ ಸೇವೆ' ವರ್ಗದ ವೀಸಾ. ಪದವೀಧರರು ಭಾಷೆ ಕಲಿಸುವ ಕೆಲಸಕ್ಕೆ ಹೋದರೆ ಆ ವರ್ಗದಲ್ಲಿ ಹಿಂದಿನ ಅನುಭವದ ಷರತ್ತು ಇಲ್ಲ, 12 ವರ್ಷದ ಮಾತನ್ನು ನಿಯಮ ಎತ್ತುವುದೂ ಇಲ್ಲ. ಕಂಪನಿಗಳು ತಮ್ಮ ಕಡೆಯಿಂದ ಕೇಳಬಹುದು, ಕೆಲವು ಕೇಳುವುದಿಲ್ಲ. ದೊಡ್ಡ ಹೆಸರಿನ ಸಂಸ್ಥೆಗಳಿಗಿಂತ ಸಣ್ಣ ಊರಿನ ಶಾಲೆಗಳು, ಇಂಗ್ಲಿಷಿನಲ್ಲೇ ನಡೆಯುವ ಶಿಶುವಿಹಾರಗಳು ಇಂಥವರನ್ನು ತೆಗೆದುಕೊಳ್ಳುವ ಸಾಧ್ಯತೆ ಹೆಚ್ಚು.

ಬಿ.ಎಡ್. ಆದವರು ಇನ್ನೊಂದು ದಾರಿಯನ್ನು ಮರೆಯಬಾರದು. ಟೋಕಿಯೊದ ಎಡೊಗಾವಾ ವಾರ್ಡಿನ ನಿಶಿ ಕಸಾಯಿ ಸುತ್ತ ಭಾರತೀಯ ಕುಟುಂಬಗಳು ಸಾವಿರಗಟ್ಟಲೆ ನೆಲೆಸಿವೆ. ಅವರ ಮಕ್ಕಳಿಗಾಗಿ 2004ರಲ್ಲಿ ಇಂಡಿಯಾ ಇಂಟರ್‌ನ್ಯಾಷನಲ್ ಸ್ಕೂಲ್, 2006ರಲ್ಲಿ ಗ್ಲೋಬಲ್ ಇಂಡಿಯನ್ ಇಂಟರ್‌ನ್ಯಾಷನಲ್ ಸ್ಕೂಲ್ ಟೋಕಿಯೊದಲ್ಲಿ ಆರಂಭವಾದವು. ಇಂಥ ಶಾಲೆಗಳಿಗೆ ಭಾರತದ ಬಿ.ಎಡ್. ಮತ್ತು ಸಿಬಿಎಸ್‌ಇ ಅನುಭವದ ಬೆಲೆ ಗೊತ್ತು. ಕಲಬುರಗಿಯ ಸಿಬಿಎಸ್‌ಇ ಶಾಲೆಯೊಂದರಲ್ಲಿ ಎರಡು ಮೂರು ವರ್ಷ ಕಲಿಸಿದವರು ಅವುಗಳ ವೆಬ್‌ಸೈಟಿನಲ್ಲಿ ಖಾಲಿ ಹುದ್ದೆಗಳನ್ನು ನೋಡುತ್ತಿರಬೇಕು.

ಕಾಗದಪತ್ರ

371(ಜೆ) ಅರ್ಹತಾ ಪ್ರಮಾಣಪತ್ರಕ್ಕಾಗಿ ಓಡಾಡಿದವರಿಗೆ ವ್ಯಾಸಂಗ ಪ್ರಮಾಣಪತ್ರ ಹೊಸದಲ್ಲ. ಅದೇ ಬಗೆಯಲ್ಲಿ ಓದಿದ ಪ್ರತಿ ಶಾಲೆ, ಕಾಲೇಜಿನಿಂದ ಲೆಟರ್‌ಹೆಡ್ ಮೇಲೆ ಮಾಧ್ಯಮದ ಪ್ರಮಾಣಪತ್ರ ತೆಗೆದುಕೊಳ್ಳಿ: ಯಾವ ಇಸವಿಯಿಂದ ಯಾವ ಇಸವಿವರೆಗೆ, ಯಾವ ತರಗತಿ, ಮಾಧ್ಯಮ ಇಂಗ್ಲಿಷ್. ಮುಖ್ಯಗುರುಗಳ ಸಹಿ, ಮೊಹರು, ದಿನಾಂಕ ಇರಲಿ, ಪತ್ರ ಇಂಗ್ಲಿಷಿನಲ್ಲೇ ಇರಲಿ. ಓದಿದ ಶಾಲೆ ಮುಚ್ಚಿದ್ದರೆ ಬಿಇಒ ಕಚೇರಿಯಲ್ಲಿ ದಾಖಲೆ ಹುಡುಕಿಸಬೇಕಾಗುತ್ತದೆ, ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ಆದ್ದರಿಂದ ಕೆಲಸ ಸಿಗುವ ತನಕ ಕಾಯದೆ ಈಗಲೇ ಶುರುಮಾಡಿ.

ಹೆಸರಿನ ವಿಷಯದಲ್ಲಿ ನಮ್ಮ ಕಡೆಯವರಿಗೆ ಯಾವಾಗಲೂ ತೊಂದರೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಪ್ಪನ ಹೆಸರು ಮುಂದೆ, ಪದವಿಯಲ್ಲಿ ಇನಿಶಿಯಲ್ ಹಿಂದೆ, ಆಧಾರಿನಲ್ಲಿ ಅಡ್ಡಹೆಸರು ಬೇರೆ. ಜಪಾನಿನ ವಲಸೆ ಕಚೇರಿ ಪಾಸ್‌ಪೋರ್ಟಿನ ಹೆಸರನ್ನೇ ಹಿಡಿಯುತ್ತದೆ. ಪಾಸ್‌ಪೋರ್ಟಿಗೆ ಅರ್ಜಿ ಹಾಕುವಾಗಲೇ ಅದನ್ನು ಎಸ್ಸೆಸ್ಸೆಲ್ಸಿ ಮತ್ತು ಪದವಿ ಪ್ರಮಾಣಪತ್ರಕ್ಕೆ ಹೊಂದಿಸಿಕೊಳ್ಳಿ. ಪಾಸ್‌ಪೋರ್ಟ್ ಸೇವಾ ಕೇಂದ್ರ ಕಲಬುರಗಿಯಲ್ಲೇ ಇದೆ, ಬೆಂಗಳೂರಿಗೆ ಹೋಗಬೇಕಿಲ್ಲ. ಇನ್ನೊಂದು ಮಾತು: ಊರಿನ ಹೆಸರು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ಹಳೆಯ ದಾಖಲೆಗಳಲ್ಲಿ 'ಗುಲ್ಬರ್ಗಾ' ಎಂದೇ ಇರುತ್ತದೆ, ವಿಶ್ವವಿದ್ಯಾಲಯದ ಹೆಸರು ಈಗಲೂ ಹಾಗೇ ಇದೆ. ದಾಖಲೆಯಲ್ಲಿ ಇದ್ದಂತೆಯೇ ಬರೆದು, ಎರಡೂ ಒಂದೇ ಊರು ಎಂದು ಪಕ್ಕದಲ್ಲಿ ಒಂದು ಸಾಲು ಸೇರಿಸಿ.

ಕಾರು ಓಡಿಸಲು ಬಂದರೆ ಅದು ದೊಡ್ಡ ಲಾಭ. ಜಪಾನಿನ ಹಳ್ಳಿಗಾಡಿನ ಎಎಲ್‌ಟಿ ಹುದ್ದೆಗಳಿಗೆ ಚಾಲಕರನ್ನೇ ಹುಡುಕುತ್ತಾರೆ. ಅಲ್ಲಿಯೂ ವಾಹನ ಎಡಬದಿಗೇ ಓಡುತ್ತದೆ. ಆರ್‌ಟಿಒ ಕಚೇರಿಯಲ್ಲಿ ಪಡೆಯುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಅಲ್ಲಿ ಒಂದು ವರ್ಷ ನಡೆಯುತ್ತದೆ.

ಸಿದ್ಧತೆ

ಐಇಎಲ್‌ಟಿಎಸ್ ಅಥವಾ ಜಪಾನಿನಲ್ಲಿ ಎಲ್ಲರಿಗೂ ಗೊತ್ತಿರುವ ಟೋಯಿಕ್ ಪರೀಕ್ಷೆಯ ಒಳ್ಳೆಯ ಅಂಕ ಕೈಯಲ್ಲಿದ್ದರೆ, ಮನೆಮಾತು ಕನ್ನಡವೆಂದು ಅನುಮಾನಿಸುವವರಿಗೆ ಅದೇ ಉತ್ತರ. ತರಬೇತಿ ಬೇಕೆಂದರೆ ಬೆಂಗಳೂರಿಗಿಂತ ನಮಗೆ ಹೈದರಾಬಾದ್ ಹತ್ತಿರ. ಅಲ್ಲಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಬೋಧನೆಯ ಸ್ನಾತಕೋತ್ತರ ಸರ್ಟಿಫಿಕೇಟ್ ಕೋರ್ಸ್ ಇದೆ. ಕೇಂಬ್ರಿಜ್‌ನ ಸೆಲ್ಟಾ ದುಬಾರಿ, ಆದರೆ ನಿಜವಾದ ತರಗತಿಯಲ್ಲಿ ಕಲಿಸಿ ತೋರಿಸುವ ಕೋರ್ಸ್ ಆದ್ದರಿಂದ ಅದಕ್ಕೆ ಬೆಲೆಯಿದೆ. ಎರಡು ದಿನದಲ್ಲಿ ಸರ್ಟಿಫಿಕೇಟ್ ಕೊಡುವ ಆನ್‌ಲೈನ್ ಕೋರ್ಸಿಗೆ ಹಣ ಸುರಿಯಬೇಡಿ.

ಉಚ್ಚಾರ ತಿದ್ದಿಕೊಳ್ಳಲು ಹಣ ಬೇಕಿಲ್ಲ. 'ಎಗ್' ಎನ್ನುವಲ್ಲಿ 'ಯೆಗ್', 'ಓನ್ಲಿ' ಎನ್ನುವಲ್ಲಿ 'ವೋನ್ಲಿ', 'ಸ್ಕೂಲ್' ಎನ್ನುವಲ್ಲಿ 'ಇಸ್ಕೂಲ್' ನಮ್ಮ ಬಾಯಲ್ಲಿ ತಾನಾಗಿ ಬರುತ್ತವೆ. ಮೊಬೈಲಿನಲ್ಲಿ ನಿಮ್ಮ ದನಿ ರೆಕಾರ್ಡ್ ಮಾಡಿ ದಿನವೂ ಕೇಳಿ. ಅಮೆರಿಕದವರಂತೆ ನಟಿಸುವುದು ಬೇಡ, ಮಗುವಿಗೆ ಅರ್ಥವಾಗುವಂತೆ ಬಿಡಿಸಿ ಹೇಳಲು ಬಂದರೆ ಸಾಕು.

ಅನುಭವ ಇಲ್ಲದವರು ಡಿಎಂಎಂ ಐಕೈವಾದಂಥ ಆನ್‌ಲೈನ್ ಸಂಸ್ಥೆಗಳಲ್ಲಿ ಪ್ರಯತ್ನಿಸಬಹುದು. ಸಂಬಳ ಕಡಿಮೆ. ಆದರೆ ಜಪಾನಿ ಕಲಿಯುವವರು ಎಲ್ಲಿ ತಡವರಿಸುತ್ತಾರೆ ಎಂಬುದು ಕಮಲಾಪುರದ ಮನೆಯಲ್ಲಿ ಕುಳಿತೇ ತಿಳಿಯುತ್ತದೆ. ಅವರ ಗಡಿಯಾರ ನಮಗಿಂತ ಮೂರೂವರೆ ತಾಸು ಮುಂದೆ, ಅಲ್ಲಿನ ರಾತ್ರಿ 8 ಗಂಟೆಯ ಪಾಠ ಇಲ್ಲಿ ಸಂಜೆ 4.30ಕ್ಕೆ.

ಜಪಾನಿ ಭಾಷೆಯನ್ನೂ ಕಲಿಯಿರಿ. ಹಲವು ಎಎಲ್‌ಟಿ ಹುದ್ದೆಗಳಿಗೆ ಅದು ಕಡ್ಡಾಯವಲ್ಲ. ಆದರೆ ಜಪಾನಿ ಭಾಷಾ ಪರೀಕ್ಷೆಯಾದ ಜೆಎಲ್‌ಪಿಟಿಯ ಎನ್4 ಮಟ್ಟ ದಾಟಿದ ಭಾರತೀಯ ಅಭ್ಯರ್ಥಿಯನ್ನು ಸಂದರ್ಶಕರು ಬೇರೆಯೇ ಕಣ್ಣಿನಿಂದ ನೋಡುತ್ತಾರೆ. ಕನ್ನಡಿಗರಿಗೆ ಇಲ್ಲೊಂದು ಅನುಕೂಲವಿದೆ: ಜಪಾನಿ ವಾಕ್ಯದಲ್ಲೂ ಕ್ರಿಯಾಪದ ಕೊನೆಗೇ ಬರುತ್ತದೆ, ವಿಭಕ್ತಿಯಂತೆ ನಾಮಪದದ ಹಿಂದೆಯೇ ಪ್ರತ್ಯಯ ಹತ್ತುತ್ತದೆ. ಇಂಗ್ಲಿಷಿನ ಮೂಲಕ ಕಲಿಯದೆ ಕನ್ನಡದ ವಾಕ್ಯಕ್ಕೆ ಹೊಂದಿಸಿ ಕಲಿತರೆ ವ್ಯಾಕರಣ ಬೇಗ ಹತ್ತುತ್ತದೆ. ಜೆಎಲ್‌ಪಿಟಿ ಪರೀಕ್ಷೆಗೆ ಬೆಂಗಳೂರಿನಲ್ಲಿ ಕೇಂದ್ರವಿದೆ.

ಅರ್ಜಿ, ಸಂದರ್ಶನ

ಜಪಾನಿನ ಶಾಲಾ ವರ್ಷ ಏಪ್ರಿಲ್‌ನಲ್ಲಿ ಶುರು. ಅದಕ್ಕೆ ನೇಮಕಾತಿ ಹಿಂದಿನ ವರ್ಷದ ದಸರೆಯ ಹೊತ್ತಿನಿಂದಲೇ ನಡೆಯುತ್ತದೆ. ಗೈಜಿನ್‌ಪಾಟ್ ತಾಣದಲ್ಲಿ ಜಾಹೀರಾತು ಹುಡುಕುವಾಗ 'ವಿದೇಶದಿಂದ ಅರ್ಜಿ ಹಾಕಬಹುದು', 'ವೀಸಾ ಪ್ರಾಯೋಜಕತ್ವ ಇದೆ' ಎಂಬ ಎರಡನ್ನೂ ನೋಡಿ. ಮೊದಲನೆಯದು ಇಲ್ಲದ ಕಡೆ ಅರ್ಜಿ ಹಾಕಿ ಕಾಯುವುದು ವ್ಯರ್ಥ. ರೆಸ್ಯೂಮೆಗೆ ಸೂಟು ತೊಟ್ಟ, ಹಿನ್ನೆಲೆ ತಿಳಿಯಾದ ಫೋಟೊ ಇರಲಿ.

ಸಂದರ್ಶನದಲ್ಲಿ ಐದು ನಿಮಿಷದ ಮಾದರಿ ಪಾಠ ಕೇಳುವುದು ವಾಡಿಕೆ. ಇಲ್ಲಿ ವ್ಯಾಕರಣ ವಿವರಿಸಲು ಹೋಗಬೇಡಿ. ಚಿತ್ರ ತೋರಿಸಿ, ಕೈ ಕಾಲು ಆಡಿಸಿ, ಒಂದೇ ವಾಕ್ಯವನ್ನು ಮಕ್ಕಳ ಬಾಯಲ್ಲಿ ಹತ್ತು ರೀತಿ ಹೇಳಿಸಿ. ಕೆಲಸಕ್ಕೆ ಸೇರಿದ ಮೊದಲ ವಾರ ಎಲ್ಲ ತರಗತಿಗಳಲ್ಲೂ ಮಾಡಬೇಕಾದ ಸ್ವಪರಿಚಯದ ಪಾಠವನ್ನು ಈಗಲೇ ತಯಾರಿಸಿ. ಕಮಲಾಪುರದ ಕೆಂಪು ಬಾಳೆಹಣ್ಣಿನ ಚಿತ್ರ ಒಂದಿದ್ದರೆ ಬಣ್ಣಗಳ ಪಾಠ ತಾನೇ ಹುಟ್ಟುತ್ತದೆ. ಸನ್ನತಿಯ ಸ್ತೂಪ, ಕಲಬುರಗಿಯ ಬುದ್ಧವಿಹಾರದ ಚಿತ್ರಗಳನ್ನು ಜಪಾನಿನ ಮಕ್ಕಳು ತಮ್ಮವೆಂಬಂತೆ ನೋಡಿಯಾರು.

ಸಹಿಗೆ ಮೊದಲು ಕೇಳಬೇಕಾದ್ದು

ಆಗಸ್ಟ್ ಮತ್ತು ಚಳಿಗಾಲದ ರಜೆಯಲ್ಲಿ ಪೂರ್ತಿ ಸಂಬಳ ಇದೆಯೇ? ಕೆಲವು ಕಂಪನಿಗಳು ಕತ್ತರಿಸುತ್ತವೆ. ವಾರಕ್ಕೆ ಎಷ್ಟು ತಾಸು? 29.5 ಎಂದು ಬರೆದಿದ್ದರೆ ಆರೋಗ್ಯ ವಿಮೆ ಮತ್ತು ಪಿಂಚಣಿಯಲ್ಲಿ ಕಂಪನಿಯ ಪಾಲು ಕೊಡುತ್ತಾರೆಯೇ ಎಂದು ಕೇಳಲೇಬೇಕು. ಮನೆ ಬಾಡಿಗೆಯ ಮುಂಗಡ ಯಾರದು? 2007ರಲ್ಲಿ ನೋವಾ ಎಂಬ ಅತಿ ದೊಡ್ಡ ಸಂಭಾಷಣಾ ಶಾಲೆ ದಿವಾಳಿಯಾದಾಗ ಸಾವಿರಾರು ವಿದೇಶಿ ಶಿಕ್ಷಕರು ಸಂಬಳವಿಲ್ಲದೆ ಬೀದಿಗೆ ಬಂದರು. ಕಂಪನಿ ದೊಡ್ಡದೆಂದು ಈ ಪ್ರಶ್ನೆಗಳನ್ನು ಬಿಡಬೇಡಿ.

ಏಜೆಂಟರ ವಿಷಯ ಬಿಡಿಸಿ ಹೇಳುತ್ತೇನೆ. ಪ್ರವಾಸಿ ವೀಸಾದಲ್ಲಿ ಹೋಗಿ ಕೆಲಸ ಮಾಡುವುದು ಜಪಾನಿನಲ್ಲಿ ಅಪರಾಧ. ವಿದ್ಯಾರ್ಥಿ ವೀಸಾದಲ್ಲಿ ಅನುಮತಿ ಪಡೆದರೂ ವಾರಕ್ಕೆ 28 ತಾಸು ಮಾತ್ರ. ಹೊಲ ಅಡವಿಡಿಸಿ ಐದಾರು ಲಕ್ಷ ಕಟ್ಟಿಸಿಕೊಳ್ಳುವವರು ಸಾಮಾನ್ಯವಾಗಿ ಈ ಎರಡರಲ್ಲಿ ಒಂದನ್ನೇ ಮಾಡಿಸುತ್ತಾರೆ. ಭಾರತದ ನಿಯಮದಂತೆ ನೋಂದಾಯಿತ ಏಜೆಂಟ್ ಪಡೆಯಬಹುದಾದ ಗರಿಷ್ಠ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ. ನೋಂದಾಯಿತರ ಪಟ್ಟಿ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿದೆ. ಅದರಲ್ಲಿ ಹೆಸರಿಲ್ಲದಿದ್ದರೆ, ಪರಿಚಯದವರಾದರೂ ಸರಿ, ಕೈಮುಗಿದು ಎದ್ದು ಬನ್ನಿ.

ವೀಸಾ ಮತ್ತು ಹೊರಡುವ ಹೊತ್ತು

ಒಪ್ಪಂದವಾದ ಮೇಲೆ ಕಂಪನಿಯೇ ಜಪಾನಿನ ವಲಸೆ ಕಚೇರಿಯಲ್ಲಿ 'ಅರ್ಹತಾ ಪ್ರಮಾಣಪತ್ರ'ಕ್ಕೆ ಅರ್ಜಿ ಹಾಕುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ. ಬಂದ ಮೇಲೆ ಅದರ ಆಯುಷ್ಯ ಮೂರೇ ತಿಂಗಳು. ಅಷ್ಟರೊಳಗೆ ಬೆಂಗಳೂರಿನಲ್ಲಿ ವಿಎಫ್‌ಎಸ್ ಮೂಲಕ ವೀಸಾ ಪಡೆದು ಜಪಾನ್ ತಲುಪಬೇಕು. ಪ್ರಮಾಣಪತ್ರ ಕೈಗೆ ಬರುವ ಮುಂಚೆ ಇಲ್ಲಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.

ಮೊದಲ ಸಂಬಳ ಬರುವುದಕ್ಕೆ ಒಂದೂವರೆ ಎರಡು ತಿಂಗಳಾಗುತ್ತದೆ. ಬಾಡಿಗೆ, ಮುಂಗಡ, ಹಾಸಿಗೆ, ಪಾತ್ರೆ ಎಲ್ಲಕ್ಕೂ ಸೇರಿ ಕನಿಷ್ಠ 4 ಲಕ್ಷ ಯೆನ್, ಅಂದರೆ ಎರಡೂಕಾಲು ಲಕ್ಷ ರೂಪಾಯಿಯ ಆಸುಪಾಸು, ಕೈಯಲ್ಲಿ ಇಟ್ಟುಕೊಂಡೇ ಹೊರಡಿ. ಸಸ್ಯಾಹಾರಿಗಳು ಮೊದಲೇ ತಿಳಿದಿರಬೇಕು: ಜಪಾನಿನ ಸಾರು, ಪಲ್ಯಗಳಲ್ಲಿ ಮೀನಿನ ರಸ ಕಾಣದಂತೆ ಸೇರಿರುತ್ತದೆ, ಅಡುಗೆ ಕಲಿತೇ ಹೋಗಿ. ತಾಜಾ ಹಣ್ಣು, ತರಕಾರಿ, ಮಾಂಸಕ್ಕೆ ವಿಮಾನ ನಿಲ್ದಾಣದಲ್ಲಿ ಕಟ್ಟುನಿಟ್ಟಿನ ತಡೆ ಇದೆ.

ಇಳಿದಾಗ ಕೊಡುವ ನಿವಾಸಿ ಕಾರ್ಡನ್ನು ಸದಾ ಜೊತೆಗಿಡಿ. ಮನೆ ಸೇರಿದ 14 ದಿನದೊಳಗೆ ಆ ಊರಿನ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಿ. ಪಿಂಚಣಿಗೆ ಕಟ್ಟಿದ ಹಣದ ರಸೀದಿಗಳನ್ನು ಎಸೆಯಬೇಡಿ. ಊರಿಗೆ ಮರಳಿದ ಮೇಲೆ ಆ ಹಣದಲ್ಲಿ ಒಂದು ಪಾಲನ್ನು ಇಡಿಗಂಟಾಗಿ ವಾಪಸ್ ಕೇಳಬೇಕೆಂದರೆ ಜಪಾನ್ ಬಿಟ್ಟ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು.