ಮುಚ್ಚಳಿಕೆಗೆ ಸಹಿ ಹಾಕುವ ಮೊದಲು

2020ರ ನವೆಂಬರ್ 9. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಕಾರ್ಖಾನೆಯಲ್ಲಿ ಯೂನಿಯನ್ನಿನ ಪದಾಧಿಕಾರಿಯೊಬ್ಬರನ್ನು ಆಡಳಿತ ಮಂಡಳಿ ಅಮಾನತು ಮಾಡಿತು. ಕಾರ್ಮಿಕರು ಕಾರ್ಖಾನೆಯೊಳಗೇ ಧರಣಿ ಕೂತರು. ಮರುದಿನವೇ ಕಂಪನಿ ಲಾಕ್‌ಔಟ್ ಘೋಷಿಸಿತು. ಕೆಲಸದ ಹೊರೆ ಮಿತಿ ಮೀರಿದೆ, ಒಂದೊಂದು ಕಾರಿಗೂ ಸಿಗುತ್ತಿದ್ದ ಸಮಯಕ್ಕೆ ಕತ್ತರಿ ಬಿದ್ದಿದೆ ಎಂಬುದು ಕಾರ್ಮಿಕರ ದೂರು. ಇದು ಕಾನೂನುಬಾಹಿರ ಮುಷ್ಕರ ಎಂಬುದು ಕಂಪನಿಯ ವಾದ. ಅದೇ ತಿಂಗಳು ರಾಜ್ಯ ಸರ್ಕಾರ ಮುಷ್ಕರ, ಲಾಕ್‌ಔಟ್ ಎರಡನ್ನೂ ನಿಷೇಧಿಸಿ ಆದೇಶ ಹೊರಡಿಸಿತು. ಗೇಟು ತೆರೆಯಿತು, ಕೆಲವೇ ದಿನಗಳಲ್ಲಿ ಮತ್ತೆ ಮುಚ್ಚಿತು. ಎಲ್ಲ ಇತ್ಯರ್ಥವಾಗುವಷ್ಟರಲ್ಲಿ 2021ರ ಮಾರ್ಚ್ ಬಂದಿತ್ತು.

ಈ ಜಗಳದ ಉದ್ದಕ್ಕೂ ಒಂದು ಕಾಗದ ಕಾಣಿಸಿಕೊಳ್ಳುತ್ತದೆ. ಒಳಗೆ ಬರಬೇಕಾದರೆ ಪ್ರತಿಯೊಬ್ಬರೂ ಸಹಿ ಹಾಕಬೇಕೆಂದು ಕಂಪನಿ ಕೇಳಿದ ಸನ್ನಡತೆಯ ಮುಚ್ಚಳಿಕೆ. ಇದೇ ಕಾರ್ಖಾನೆಯಲ್ಲಿ 2014ರಲ್ಲಿ ವೇತನದ ತಕರಾರಿಗೆ ಲಾಕ್‌ಔಟ್ ಆಗಿ, ಅದನ್ನು ತೆರವು ಮಾಡಿದ ಮೇಲೂ ಕಾರ್ಮಿಕರು ಈ ಕಾಗದಕ್ಕೆ ಸಹಿ ಹಾಕಲು ಒಪ್ಪದೆ ವಾರಗಟ್ಟಲೆ ಹೊರಗೆ ಉಳಿದಿದ್ದರು. ಹರಿಯಾಣದ ಮಾನೇಸರಿನ ಮಾರುತಿ ಸುಜುಕಿಯಲ್ಲಿ 2011ರ ಆಗಸ್ಟ್ ಕೊನೆಯಲ್ಲಿ ಶುರುವಾಗಿ ಒಂದು ತಿಂಗಳು ದಾಟಿದ ಜಗಳದ ಕೇಂದ್ರದಲ್ಲಿ ಇದ್ದದ್ದೂ ಇಂಥದೇ ಮುಚ್ಚಳಿಕೆ.

ಕಾನೂನು ಈ ಬಗ್ಗೆ ಏನು ಹೇಳುತ್ತದೆ? ಕಾನೂನುಬದ್ಧ ಮುಷ್ಕರದಲ್ಲಿರುವ ಕಾರ್ಮಿಕರಿಂದ, ಕೆಲಸಕ್ಕೆ ಮರಳಲು ಷರತ್ತಾಗಿ, ಒಬ್ಬೊಬ್ಬರಿಂದಲೂ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಳ್ಳುವುದು ಮಾಲೀಕರ ಕಡೆಯ 'ಅನುಚಿತ ಕಾರ್ಮಿಕ ಪದ್ಧತಿ'. ಹಳೆಯ ಕೈಗಾರಿಕಾ ವಿವಾದಗಳ ಕಾಯ್ದೆಯ ಐದನೇ ಅನುಸೂಚಿಯಲ್ಲಿ ಇದು ಸ್ಪಷ್ಟವಾಗಿತ್ತು. ಈಗ ಕೈಗಾರಿಕಾ ಸಂಬಂಧಗಳ ಸಂಹಿತೆ, 2020ರ ಎರಡನೇ ಅನುಸೂಚಿಯಲ್ಲಿದೆ. ಮಾಡಿದವರಿಗೆ 10,000 ರೂಪಾಯಿಯಿಂದ 2 ಲಕ್ಷ ರೂಪಾಯಿವರೆಗೆ ದಂಡ. ಆದರೆ ವಾಕ್ಯದ ಮೊದಲ ಪದವನ್ನು ಇನ್ನೊಮ್ಮೆ ಓದಬೇಕು: ಕಾನೂನುಬದ್ಧ. ಮುಷ್ಕರ ಕ್ರಮಪ್ರಕಾರ ನಡೆದಿದ್ದರೆ ಮಾತ್ರ ಈ ರಕ್ಷಣೆ. ಹತ್ತು ವರ್ಷ ದುಡಿದ ನೌಕರನ ಸ್ಥಿತಿ, ಮುಷ್ಕರದ ನೋಟಿಸಿನ ಮೇಲೆ ಯಾವ ತಾರೀಖಿನ ಮೊಹರು ಬಿದ್ದಿದೆ ಎಂಬುದರ ಮೇಲೆ ನಿಂತುಬಿಡುತ್ತದೆ.

ವಾಹನ ಉದ್ಯಮದ ಕಾರ್ಮಿಕನಿಗೆ ಯೂನಿಯನ್ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಸಾಮಾನ್ಯವಾಗಿ ಭಾಷಣದಲ್ಲಿ ಶುರುವಾಗಿ ಭಾಷಣದಲ್ಲೇ ಮುಗಿಯುತ್ತದೆ. ಕಡತಗಳನ್ನು ನೋಡಿದರೆ ಬೇರೆಯೇ ಚಿತ್ರ ಸಿಗುತ್ತದೆ. ಯೂನಿಯನ್ ಕಟ್ಟಿದ್ದಕ್ಕಿಂತ, ಕ್ರಮ ತಪ್ಪಿ ಹೆಜ್ಜೆ ಇಟ್ಟದ್ದರಿಂದ ಕೆಲಸ ಕಳೆದುಕೊಂಡವರೇ ಹೆಚ್ಚು ಎನ್ನುವಂತಿದೆ.

ಮಾನೇಸರ್ ಇದರ ಅತ್ಯಂತ ಕಹಿ ಉದಾಹರಣೆ. ಅಲ್ಲಿನ ಯುವ ಕಾರ್ಮಿಕರು ಸ್ವಂತ ಯೂನಿಯನ್ ಬೇಕೆಂದು 2011ರಲ್ಲಿ ಹೋರಾಡಿದರು. ಮೊದಲ ಅರ್ಜಿಯನ್ನು ಕಾರ್ಮಿಕ ಇಲಾಖೆ ತಿರಸ್ಕರಿಸಿತು. 2012ರ ಆರಂಭದಲ್ಲಿ ಕೊನೆಗೂ ನೋಂದಣಿ ಸಿಕ್ಕಿತು. ಅದೇ ವರ್ಷ ಜುಲೈ 18ರಂದು ಕಾರ್ಖಾನೆಯಲ್ಲಿ ಗಲಭೆ, ಬೆಂಕಿ. ಮಾನವ ಸಂಪನ್ಮೂಲ ವಿಭಾಗದ ಹಿರಿಯ ಅಧಿಕಾರಿಯೊಬ್ಬರು ಪ್ರಾಣ ಕಳೆದುಕೊಂಡರು. 500ಕ್ಕೂ ಹೆಚ್ಚು ಖಾಯಂ ನೌಕರರು ವಜಾ ಆದರು, ಗುತ್ತಿಗೆಯವರ ಲೆಕ್ಕ ಬೇರೆ. ಬಂಧನಕ್ಕೊಳಗಾಗಿ ವಿಚಾರಣೆ ಎದುರಿಸಿದವರು 148 ಮಂದಿ. 2017ರ ಮಾರ್ಚ್‌ನಲ್ಲಿ ಗುರುಗ್ರಾಮದ ನ್ಯಾಯಾಲಯ 31 ಮಂದಿಯನ್ನು ತಪ್ಪಿತಸ್ಥರೆಂದು, 117 ಮಂದಿಯನ್ನು ನಿರ್ದೋಷಿಗಳೆಂದು ತೀರ್ಮಾನಿಸಿತು. 13 ಮಂದಿಗೆ ಜೀವಾವಧಿ ಶಿಕ್ಷೆ. ಬಿಡುಗಡೆಯಾದವರ ಹೆಸರಿನಿಂದ ಆರೋಪ ಹೋಯಿತೇ ಹೊರತು, ಜೈಲಿನಲ್ಲಿ ಕಳೆದ ವರ್ಷಗಳು ಹಿಂದಿರುಗಲಿಲ್ಲ. ಇದೇ ಕಂಪನಿಯಲ್ಲಿ, ಗಲಭೆಯಾಗಿ ಎರಡೇ ತಿಂಗಳಲ್ಲಿ ವೇತನ ಒಪ್ಪಂದವೂ ಆಯಿತು: ಖಾಯಂ ನೌಕರರಿಗೆ ಮೂರು ವರ್ಷಗಳಲ್ಲಿ ತಿಂಗಳಿಗೆ ಸರಾಸರಿ ಸುಮಾರು 18,000 ರೂಪಾಯಿ ಏರಿಕೆ. ಹೋರಾಡಿದವರು ಹೊರಗೆ, ಫಲ ಒಳಗಿದ್ದವರಿಗೆ.

ಯೂನಿಯನ್ನಿನ ಫಲ ಹೊರಗಿನವರಿಗೂ ಹೋಗುವುದುಂಟು. 2023ರ ಸೆಪ್ಟೆಂಬರಿನಲ್ಲಿ ಅಮೆರಿಕದ ಯುನೈಟೆಡ್ ಆಟೋ ವರ್ಕರ್ಸ್ ಸಂಘ ಫೋರ್ಡ್, ಜನರಲ್ ಮೋಟಾರ್ಸ್, ಸ್ಟೆಲಾಂಟಿಸ್ ಮೂರೂ ಕಂಪನಿಗಳ ವಿರುದ್ಧ ಏಕಕಾಲಕ್ಕೆ ಮುಷ್ಕರ ಹೂಡಿ, 2028ರವರೆಗಿನ ಒಪ್ಪಂದದಲ್ಲಿ ಮೂಲ ವೇತನಕ್ಕೆ ಶೇ 25ರಷ್ಟು ಏರಿಕೆ ಪಡೆಯಿತು. ಬೆನ್ನಿಗೇ ಯೂನಿಯನ್ ಇಲ್ಲದ ಟೊಯೋಟಾ ತನ್ನ ಅಮೆರಿಕದ ಕಾರ್ಖಾನೆಗಳಲ್ಲಿ ಸಂಬಳ ಏರಿಸಿತು. ಅದೇ ಸಂಘ 2007ರಲ್ಲಿ ಹೊಸಬರಿಗೆ ಕಡಿಮೆ, ಹಳಬರಿಗೆ ಹೆಚ್ಚು ಎಂಬ ಎರಡು ದರ್ಜೆಯ ವೇತನಕ್ಕೆ ಸಹಿ ಹಾಕಿತ್ತು ಎಂಬುದನ್ನೂ ಮರೆಯುವಂತಿಲ್ಲ. ಆ ರಿಯಾಯಿತಿಯೂ ಕಂಪನಿಗಳನ್ನು ಉಳಿಸಲಿಲ್ಲ: ಜನರಲ್ ಮೋಟಾರ್ಸ್ ಮತ್ತು ಕ್ರೈಸ್ಲರ್ 2009ರಲ್ಲಿ ದಿವಾಳಿ ಅರ್ಜಿ ಹಾಕಿದವು.

ನಮ್ಮ ಕಾನೂನಿಗೆ ಬರೋಣ. ಸಂಘ ಕಟ್ಟುವುದು ಸಂವಿಧಾನದ 19(1)(ಸಿ) ವಿಧಿಯಡಿ ಮೂಲಭೂತ ಹಕ್ಕು. ಮುಷ್ಕರ ಮೂಲಭೂತ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 1961ರಲ್ಲೇ ಹೇಳಿದೆ. ಅದು ಕಾಯ್ದೆ ಕೊಟ್ಟಷ್ಟೇ ಹಕ್ಕು. ಆ ಕಾಯ್ದೆ ಈಗ ಬದಲಾಗಿದೆ. 1926ರ ಕಾರ್ಮಿಕ ಸಂಘಗಳ ಕಾಯ್ದೆ, 1946ರ ಸ್ಥಾಯಿ ಆದೇಶಗಳ ಕಾಯ್ದೆ, 1947ರ ಕೈಗಾರಿಕಾ ವಿವಾದಗಳ ಕಾಯ್ದೆ ಈ ಮೂರರ ಜಾಗದಲ್ಲಿ 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಯಲ್ಲಿದೆ. ಹಳೆಯ ಕಾಯ್ದೆಯಡಿ ನೋಂದಣಿಯಾಗಿರುವ ಯೂನಿಯನ್ನುಗಳು ಅದರಿಂದಾಗಿ ರದ್ದಾಗುವುದಿಲ್ಲ.

ಹೊಸದಾಗಿ ನೋಂದಾಯಿಸಲು ಕನಿಷ್ಠ ಏಳು ಮಂದಿ ಅರ್ಜಿದಾರರು ಬೇಕು. ಅಷ್ಟೇ ಸಾಲದು: ಆ ಕಾರ್ಖಾನೆಯ ಅಥವಾ ಉದ್ಯಮದ ಕಾರ್ಮಿಕರಲ್ಲಿ ಶೇ 10 ಅಥವಾ 100 ಮಂದಿ, ಯಾವುದು ಕಡಿಮೆಯೋ ಅಷ್ಟು ಸದಸ್ಯರಿರಬೇಕು. 400 ಮಂದಿಯ ಬಿಡಿಭಾಗ ಕಾರ್ಖಾನೆಯಲ್ಲಿ 40 ಜನ ಸಾಕು. 3,000 ಮಂದಿಯ ಕಾರು ಕಾರ್ಖಾನೆಯಲ್ಲಿ 100. ಅರ್ಜಿಯ ಜೊತೆ ಸಂಘದ ನಿಯಮಾವಳಿ, ಪದಾಧಿಕಾರಿಗಳ ವಿವರ ಕೊಟ್ಟು ಕಾರ್ಮಿಕ ಇಲಾಖೆಯಲ್ಲಿರುವ ನೋಂದಣಾಧಿಕಾರಿಗೆ ಸಲ್ಲಿಸಬೇಕು, ಸ್ವೀಕೃತಿ ಪಡೆಯಲೇಬೇಕು. ಹೊರಗಿನ ಮುಖಂಡರು ಪದಾಧಿಕಾರಿಗಳಲ್ಲಿ ಮೂರನೇ ಒಂದು ಭಾಗ ಅಥವಾ ಐವರು, ಯಾವುದು ಕಡಿಮೆಯೋ ಅದನ್ನು ಮೀರುವಂತಿಲ್ಲ. ಯೂನಿಯನ್ ಸೇರಿದ್ದಕ್ಕೆ ಹೆದರಿಸುವುದು, ವರ್ಗ ಮಾಡುವುದು, ಕೆಲಸದಿಂದ ತೆಗೆಯುವುದು, ಕಂಪನಿಯೇ ತನಗೆ ಬೇಕಾದ ಯೂನಿಯನ್ ಹುಟ್ಟುಹಾಕುವುದು, ಇವೆಲ್ಲ ಅದೇ ಎರಡನೇ ಅನುಸೂಚಿಯ ತಪ್ಪುಗಳು.

ನೋಂದಣಿ ಆದಮಾತ್ರಕ್ಕೆ ಮಾತುಕತೆಯ ಮೇಜಿನಲ್ಲಿ ಕುರ್ಚಿ ಸಿಗುವುದಿಲ್ಲ. ಒಂದಕ್ಕಿಂತ ಹೆಚ್ಚು ಯೂನಿಯನ್ ಇದ್ದರೆ, ಹಾಜರಿ ಪಟ್ಟಿಯಲ್ಲಿರುವ ಕಾರ್ಮಿಕರಲ್ಲಿ ಶೇ 51 ಬೆಂಬಲ ಇರುವುದೇ ಏಕೈಕ ಸಂಧಾನ ಸಂಘ. ಯಾರಿಗೂ ಅಷ್ಟು ಇಲ್ಲದಿದ್ದರೆ ಶೇ 20ಕ್ಕೆ ಕಡಿಮೆ ಇಲ್ಲದ ಬೆಂಬಲ ಉಳ್ಳ ಸಂಘಗಳ ಪ್ರತಿನಿಧಿಗಳು ಸೇರಿದ ಸಂಧಾನ ಮಂಡಳಿ. ಒಂದೇ ಕಾರ್ಖಾನೆಯಲ್ಲಿ ಮೂರು ಬಾವುಟ ಕಟ್ಟಿ ಕಚ್ಚಾಡುವವರು ಈ ಲೆಕ್ಕವನ್ನು ಮೊದಲು ಹಾಕಿಕೊಳ್ಳುವುದು ಕ್ಷೇಮ.

ಇನ್ನು ಮುಷ್ಕರ. ಹಿಂದೆ ಮುಂಚಿತ ನೋಟಿಸಿನ ಕಟ್ಟುಪಾಡು ಸಾರ್ವಜನಿಕ ಉಪಯುಕ್ತ ಸೇವೆಗಳಿಗೆ ಮಾತ್ರ ಇತ್ತು. ಈಗ ಎಲ್ಲ ಕಾರ್ಖಾನೆಗೂ ಇದೆ. ನೋಟಿಸು ಕೊಟ್ಟು 14 ದಿನ ಕಾಯಬೇಕು. ಕೊಟ್ಟ 60 ದಿನಗಳೊಳಗೆ ಮುಷ್ಕರ ಹೂಡದಿದ್ದರೆ ಆ ನೋಟಿಸಿಗೆ ಬೆಲೆ ಇಲ್ಲ. ಸರ್ಕಾರದ ರಾಜಿ ಸಂಧಾನಾಧಿಕಾರಿಯ ಮುಂದೆ ಸಭೆ ಶುರುವಾಯಿತೆಂದರೆ ಅದು ಮುಗಿದು 7 ದಿನ ಆಗುವವರೆಗೆ, ಕೈಗಾರಿಕಾ ನ್ಯಾಯಮಂಡಳಿಯಲ್ಲಿ ಪ್ರಕರಣ ಇದ್ದರೆ ಅದು ಮುಗಿದು 60 ದಿನದವರೆಗೆ ಮುಷ್ಕರ ನಿಷಿದ್ಧ. 14 ದಿನ ಕಳೆಯುವುದರೊಳಗೆ ಅಧಿಕಾರಿ ಸಭೆ ಕರೆದರೆ ಮುಷ್ಕರದ ದಿನ ಮುಂದೆ ಮುಂದೆ ಸರಿಯುತ್ತಲೇ ಹೋಗಬಹುದು ಎಂಬ ಕಾರ್ಮಿಕ ಸಂಘಟನೆಗಳ ಆಕ್ಷೇಪದಲ್ಲಿ ಹುರುಳಿದೆ. ಅಷ್ಟಾದರೂ ಕಾನೂನು ಇರುವುದು ಹೀಗೆಯೇ, ಮತ್ತು ಲಾಕ್‌ಔಟ್ ಮಾಡುವ ಮಾಲೀಕರಿಗೂ ಇದೇ ನಿಯಮ. ಬಿಡದಿಯ ಹಾಗೆ ಇವತ್ತು ಧರಣಿ, ನಾಳೆ ಲಾಕ್‌ಔಟ್ ಎಂದರೆ ನೋಟಿಸಿನ ಪ್ರಶ್ನೆ ಈಗ ಎರಡೂ ಕಡೆಗೆ ಏಳುತ್ತದೆ.

ಕೆಲವರು ಜಾಣತನ ಮಾಡಲು ಹೋಗುತ್ತಾರೆ: ಮುಷ್ಕರ ಅನ್ನುವುದು ಬೇಡ, ಎಲ್ಲರೂ ಸಿ.ಎಲ್. ಹಾಕೋಣ. ಒಂದೇ ದಿನ ಶೇ 50 ಅಥವಾ ಹೆಚ್ಚು ಮಂದಿ ಒಟ್ಟಾಗಿ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರವೇ ಎಂದು ಸಂಹಿತೆ ಬರೆದಿಟ್ಟಿದೆ. ಬೇಕೆಂದೇ ನಿಧಾನಗತಿಯಲ್ಲಿ ಕೆಲಸ ಮಾಡುವುದು, ಪಾಳಿ ಮುಗಿದ ಮೇಲೂ ಒಳಗೇ ಕೂರುವುದು, ಘೇರಾವ್ ಇವು ಕಾರ್ಮಿಕರ ಕಡೆಯ ಅನುಚಿತ ಪದ್ಧತಿಗಳು. ಕಾನೂನುಬಾಹಿರ ಮುಷ್ಕರಕ್ಕೆ 1,000ದಿಂದ 10,000 ರೂಪಾಯಿ ದಂಡ ಅಥವಾ ಒಂದು ತಿಂಗಳವರೆಗೆ ಸೆರೆ, ಅಥವಾ ಎರಡೂ. ಪ್ರಚೋದಿಸಿದವರಿಗೆ ದಂಡ 50,000ದವರೆಗೆ ಹೋಗುತ್ತದೆ. ಕಾನೂನುಬಾಹಿರ ಲಾಕ್‌ಔಟಿಗೆ 50,000ದಿಂದ 1 ಲಕ್ಷ ಅಥವಾ ಒಂದು ತಿಂಗಳವರೆಗೆ ಸೆರೆ, ಅಥವಾ ಎರಡೂ. ತಿಂಗಳಿಗೆ 25,000 ತರುವ ಮನೆಗೆ 10,000 ಎಂದರೆ ಏನು, ದಿನಕ್ಕೆ ನೂರಾರು ಕಾರು ಹೊರತರುವ ಕಂಪನಿಗೆ 1 ಲಕ್ಷ ಎಂದರೆ ಏನು ಎಂದು ವಿವರಿಸಬೇಕಿಲ್ಲ.

ಮುಷ್ಕರದ ಮಾತು ಬಿಟ್ಟು, ದಿನನಿತ್ಯದ ಕಿರಿಕಿರಿಗೂ ದಾರಿಗಳಿವೆ. 20 ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಕುಂದುಕೊರತೆ ಪರಿಹಾರ ಸಮಿತಿ ಕಡ್ಡಾಯ. ಅದರಲ್ಲಿ ಆಡಳಿತದವರೂ ಕಾರ್ಮಿಕರೂ ಸಮಸಂಖ್ಯೆಯಲ್ಲಿರಬೇಕು. ತಕರಾರು ಹುಟ್ಟಿದ ಒಂದು ವರ್ಷದೊಳಗೆ ದೂರು ಕೊಡಬೇಕು, ಸಮಿತಿ 30 ದಿನಗಳಲ್ಲಿ ಮುಗಿಸಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ 60 ದಿನಗಳೊಳಗೆ ಸಂಧಾನಾಧಿಕಾರಿಯ ಬಳಿಗೆ ಹೋಗಬಹುದು, ಅದೂ ತಾನು ಸದಸ್ಯನಾಗಿರುವ ಯೂನಿಯನ್ ಮೂಲಕ. ಯೂನಿಯನ್ ಬೇಕೇ ಎಂಬ ಪ್ರಶ್ನೆಗೆ ಕಾನೂನೇ ಇಲ್ಲಿ ಅರ್ಧ ಉತ್ತರ ಕೊಟ್ಟಿದೆ.

ಅಮಾನತಾದವನು ಕೈಕಟ್ಟಿ ಕೂರಬೇಕಾಗಿಲ್ಲ. ವಿಚಾರಣೆ ಸಾಮಾನ್ಯವಾಗಿ 90 ದಿನಗಳೊಳಗೆ ಮುಗಿಯಬೇಕು. ಅಲ್ಲಿಯವರೆಗೆ ಅರ್ಧ ವೇತನ ಜೀವನಾಧಾರ ಭತ್ಯೆ, ನೌಕರನ ತಪ್ಪಿಲ್ಲದೆ ವಿಳಂಬವಾದರೆ ಆಮೇಲೆ ಶೇ 75. ವಜಾ ಆದವನು ಯೂನಿಯನ್ ಇರಲಿ ಬಿಡಲಿ ಸ್ವತಃ ಸಂಧಾನಾಧಿಕಾರಿಗೆ ಅರ್ಜಿ ಕೊಡಬಹುದು. 45 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ನೇರವಾಗಿ ನ್ಯಾಯಮಂಡಳಿ. ಗಡುವು ಈಗ ವಜಾ ಆದ ದಿನದಿಂದ ಎರಡೇ ವರ್ಷ, ಹಿಂದೆ ಮೂರಿತ್ತು. 'ಮುಂದಿನ ತಿಂಗಳು ತಗೋತೀವಿ' ಎಂಬ ಬಾಯಿಮಾತಿನಲ್ಲಿ ಈ ಅವಧಿ ಕಳೆದುಹೋಗುವುದೇ ಹೆಚ್ಚು.

ಈವರೆಗೆ ಹೇಳಿದ್ದರಲ್ಲಿ ಬಹುಪಾಲು ಖಾಯಂ ನೌಕರನ ಕಥೆ. ಯೂನಿಯನ್ನುಗಳ ನಿಜವಾದ ಸೋಲು ಇರುವುದು ಇಲ್ಲಿ. ಅದೇ ಲೈನಿನಲ್ಲಿ, ಅದೇ ಸ್ಪ್ಯಾನರ್ ಹಿಡಿದು, ಬೇರೆ ಬಣ್ಣದ ಗುರುತಿನ ಚೀಟಿ ಹಾಕಿಕೊಂಡು ನಿಂತವನ ಬಗ್ಗೆ ವೇತನ ಒಪ್ಪಂದಗಳು ಹೆಚ್ಚಾಗಿ ಮೌನ. ಅಪ್ರೆಂಟಿಸ್ ಕಾಯ್ದೆಯಡಿ ಬಂದವನನ್ನು ಸಂಹಿತೆ 'ಕಾರ್ಮಿಕ' ಎಂದೇ ಎಣಿಸುವುದಿಲ್ಲ. ಕಾರ್ಖಾನೆಯ ಸೇವಾ ನಿಯಮಗಳಾದ ಸ್ಥಾಯಿ ಆದೇಶಗಳೂ, ಲೇ-ಆಫ್ ಅಥವಾ ಉದ್ಯೋಗ ಕಡಿತಕ್ಕೆ ಸರ್ಕಾರದ ಪೂರ್ವಾನುಮತಿಯೂ 300 ಕಾರ್ಮಿಕರಿರುವ ಕಾರ್ಖಾನೆಗಳಿಂದ ಶುರು; ಬಿಡದಿ, ಪೀಣ್ಯ, ಬೊಮ್ಮಸಂದ್ರದ ಎಷ್ಟೋ ಸಣ್ಣ ವೆಂಡರ್ ಘಟಕಗಳು ಆ ಗೆರೆಯಿಂದ ಕೆಳಗೇ ಉಳಿಯುತ್ತವೆ. ಆದರೂ ಖಾಯಂ ಅಲ್ಲದವರ ಕೈ ಪೂರ್ತಿ ಬರಿದಲ್ಲ. ನಿಗದಿತ ಅವಧಿಯ ನೌಕರನಿಗೆ ಖಾಯಂ ನೌಕರನ ಸವಲತ್ತುಗಳೇ ಸಲ್ಲಬೇಕು, ಒಂದು ವರ್ಷಕ್ಕೇ ಗ್ರಾಚ್ಯುಟಿ ಸಿಗಬೇಕು. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮೂಲ ಕಂಪನಿಯೇ ಕೊಡಬೇಕು. ನೇಮಕಾತಿ ಪತ್ರ ಕೇಳಿ ಪಡೆಯುವುದು ಹಕ್ಕು.

ಹಾಗಾಗಿ ನೇಮಕಾತಿ ಪತ್ರ, ಸಂಬಳದ ಚೀಟಿ, ಗೇಟ್ ಪಾಸ್, ಪಿ.ಎಫ್. ಮತ್ತು ಇ.ಎಸ್.ಐ. ಸಂಖ್ಯೆಗಳ ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಳ್ಳಿ. ಗೇಟಿನಲ್ಲಿ ಮುಚ್ಚಳಿಕೆ ಕೈಗಿತ್ತರೆ, ಸಹಿ ಹಾಕುವ ಮೊದಲು ಒಂದು ಪ್ರತಿ ಕೇಳಿ, ವಕೀಲರಿಗೋ ಯೂನಿಯನ್ನಿಗೋ ತೋರಿಸಿ. ವಕೀಲರ ಖರ್ಚಿಗೆ ಹೆದರಬೇಕಿಲ್ಲ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ಕೈಗಾರಿಕಾ ಕಾರ್ಮಿಕನಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅರ್ಜಿ ಕೊಡಬಹುದು; ಸಹಾಯವಾಣಿ ಸಂಖ್ಯೆ 15100.