ಹಣ್ಣಿನ ಕೋಣೆಯಲ್ಲಿಟ್ಟ ಹೂವು

ತಂಗಿಯ ಮದುವೆ 2022ರ ಮೇ ತಿಂಗಳಲ್ಲಿ, ರಾಯಚೂರು ಜಿಲ್ಲೆಯ ಹಿರೇಕೊಟ್ನೆಕಲ್‌ನ ನಮ್ಮ ಮನೆ ಮುಂದಿನ ಹಂದರದಲ್ಲೇ ಆಯಿತು. ಬಾಸಿಂಗ, ದಂಡಿ, ಮಾಲೆಗಳ ಚಿಂತೆ ಯಾರಿಗೂ ಇರಲಿಲ್ಲ. ಅಜ್ಜಿಯ ಕಾಲದಿಂದಲೂ ನಮ್ಮ ಮನೆಗೆ ಹೂ ಕೊಡುವ ಹೂಗಾರರ ಮನೆಯಿಂದ ಅವು ಹೊತ್ತಿಗೆ ಸರಿಯಾಗಿ ಬರುತ್ತವೆ. ತಂಗಿ ಕೇಳಿದ್ದು ಇನ್ನೊಂದು. “ಅಕ್ಕಾ, ಸಂಜಿ ರಿಸೆಪ್ಷನ್‌ದಾಗ ಕೈಯಾಗ ಹಿಡಕೊಳ್ಳಾಕ ಒಂದು ಬೊಕೆ ಬೇಕು. ನೀನ ಆರಿಸು” ಅಂದಳು.

ಮೊಬೈಲಿನಲ್ಲಿ ಚಿತ್ರ ನೋಡಿ ಆರಿಸಿದೆ. ತಾಜ್‌ಮಹಲ್ ಜಾತಿಯ ಕೆಂಪು ಗುಲಾಬಿ, ನಡುನಡುವೆ ಬಿಳಿ ಕಾರ್ನೇಷನ್. ಬೆಂಗಳೂರಿನಲ್ಲಿರುವ ಬಂಧುಗಳು ಕಟ್ಟಿಸಿ ರಾತ್ರಿ ಬಸ್ಸಿಗೆ ಹಾಕಿದರು. ಅಲ್ಲಿಂದ ರಾಯಚೂರಿಗೆ ಸುಮಾರು 400 ಕಿಲೋಮೀಟರು. ಮದುವೆಯ ಹಿಂದಿನ ದಿನ ಬೆಳಿಗ್ಗೆ ಕೈಗೆ ಬಂದಾಗ ಹೂವು ನಳನಳಿಸುತ್ತಿತ್ತು. ನಮ್ಮ ಕಡೆಯ ಮೇ ತಿಂಗಳ ಬಿಸಿಲು ಗೊತ್ತಿದ್ದರಿಂದ ಮನೆಯಲ್ಲೇ ತಂಪಾದ ಒಳಕೋಣೆಯಲ್ಲಿ, ಹೊರಗಿನ ಕಾವು ತಾಗದಂತೆ ಬಾಗಿಲು ಮುಚ್ಚಿ ಇಟ್ಟೆ. ಅದೇ ಕೋಣೆಯಲ್ಲಿ ಶೀಕರಣಿಗೆಂದು ತಂದ ಮಾವು ಹುಲ್ಲಿನ ಮೇಲೆ ಹಣ್ಣಾಗುತ್ತಿತ್ತು, ಮೂಲೆಯಲ್ಲಿ ಎರಡು ಬಾಳೆಗೊನೆ ಇದ್ದವು. ಅವುಗಳಿಂದ ಹೂವಿಗೆ ಕೇಡಾದೀತೆಂದು ನನಗೆ ಹೊಳೆಯಲೇ ಇಲ್ಲ.

ಮರುದಿನ ನಸುಕಿನಲ್ಲಿ ಬಾಗಿಲು ತೆರೆದರೆ ಕಾರ್ನೇಷನ್ ಎಸಳುಗಳೆಲ್ಲ ಒಳಕ್ಕೆ ಮಡಚಿಕೊಂಡು ಮುದುಡಿದ್ದವು. ಗುಲಾಬಿಗಳು ಕತ್ತು ಬಾಗಿಸಿದ್ದವು. ದಂಡಿ ಕೊಡಲು ಬಂದಿದ್ದ ಹೂಗಾರ ಅಮ್ಮ ಬಾಗಿಲಲ್ಲೇ ನಿಂತು ಮೂಸಿ ನೋಡಿ, “ಹಣ್ಣಿನ ಸಂಗಾಟ ಹೂವು ಇಡ್ತಾರೇನವ್ವಾ?” ಅಂದರು.

ಕಾರಣ ಆಮೇಲೆ ತಿಳಿಯಿತು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಓದುವ ಚಿಕ್ಕಪ್ಪನ ಮಗ ವಿವರಿಸಿದ. ಮಾಗುವ ಮಾವು, ಬಾಳೆಯಿಂದ ಎಥಿಲೀನ್ ಎಂಬ ಅನಿಲ ಹೊರಡುತ್ತದೆ. ಪಕ್ಕದ ಕಾಯನ್ನು ಹಣ್ಣು ಮಾಡುವ ಅದೇ ಅನಿಲ ಹೂವಿಗೆ ಬೇಗ ಮುಪ್ಪು ತರುತ್ತದೆ. ಕಾರ್ನೇಷನ್‌ಗಂತೂ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಅದು ಒಂದೆರಡು ಪಾಲು ಇದ್ದರೂ ಒಂದು ದಿನದಲ್ಲಿ ಬಾಡಿಹೋಗುತ್ತದಂತೆ. ನಾನು ಬಾಗಿಲು ಮುಚ್ಚಿ ಆ ಗಾಳಿಯನ್ನು ಒಳಗೇ ಕೂಡಿಹಾಕಿದ್ದೆ. ಗುಲಾಬಿ ಕತ್ತು ಬಾಗಿಸಿದ್ದು ಬಾಯಾರಿಕೆಯಿಂದ: ದಂಟಿನ ತುದಿಯಲ್ಲಿ ಗಾಳಿ ಸೇರಿಕೊಂಡರೆ ನೀರು ಮೇಲೇರುವುದಿಲ್ಲ. ಟೇಪು ಸುತ್ತಿದ ಆ ಗುಚ್ಛಕ್ಕೆ ರಾತ್ರಿ ಬಸ್ಸಿನಲ್ಲಿ ಹನಿ ನೀರೂ ಸಿಕ್ಕಿರಲಿಲ್ಲ.

ಹೂಗಾರ ಅಮ್ಮನಿಗೆ ಈ ಹೆಸರುಗಳಾವುವೂ ಬೇಕಾಗಿರಲಿಲ್ಲ. ಗುಚ್ಛ ಬಿಚ್ಚಿಸಿದರು. ಗುಲಾಬಿ ದಂಟುಗಳನ್ನು ಬಕೆಟ್ಟಿನ ನೀರಿನೊಳಗೇ ಹಿಡಿದು ಓರೆಯಾಗಿ ಎರಡು ಬೆರಳಷ್ಟು ಕತ್ತರಿಸಿ, ಹೂವಿನ ಸಮೇತ ಮುಳುಗಿಸಿಟ್ಟರು. ತಾಸೊಂದು ಕಳೆಯುವಷ್ಟರಲ್ಲಿ ಒಂಬತ್ತು ಹೂವು ತಲೆ ಎತ್ತಿದವು. ಕಾರ್ನೇಷನ್ ಕೈಬಿಡಬೇಕಾಯಿತು. ಆ ಜಾಗಕ್ಕೆ ಅಮ್ಮ ದುಂಡು ಮಲ್ಲಿಗೆ ಮೊಗ್ಗು, ಮರುಗ ಸೇರಿಸಿ ಒದ್ದೆ ಬಾಳೆನಾರಿನಲ್ಲಿ ಕಟ್ಟಿಕೊಟ್ಟರು. ಸಂಜೆಯ ತನಕ ಬಾಳೆಎಲೆ ಸುತ್ತಿ, ಮೇಲೆ ಒದ್ದೆ ಬಟ್ಟೆ ಹೊದಿಸಿ ನೀರಿನ ಗಡಿಗೆಗಳ ಪಕ್ಕದಲ್ಲಿಟ್ಟೆವು.

ಮೊಗ್ಗುಗಳನ್ನು ನೋಡಿ ನನಗೆ ಸಮಾಧಾನವಾಗಲಿಲ್ಲ. “ಒಂದೂ ಅರಳಿಲ್ಲಲ್ರೀ?” ಎಂದು ಕೇಳಿದೆ. “ನಿನಗ ಹೂವು ಮುಂಜಾನಿ ಬೇಕೋ, ಸಂಜಿಗಿ ಬೇಕೋ?” ಎಂದು ಅವರೇ ಕೇಳಿದರು. ನಸುಕಿನಲ್ಲಿ ಬಿಡಿಸಿದ ಮಲ್ಲಿಗೆ ಮೊಗ್ಗು ಬಿರಿಯುವುದು ಅಂದಿನ ಸಂಜೆ. ಮಧ್ಯಾಹ್ನ ಅಕ್ಕಿಕಾಳು ಬೀಳುವಾಗ ಅದು ಇನ್ನೂ ಬಿಗಿಯಾಗಿಯೇ ಇತ್ತು. ಏಳು ಗಂಟೆಗೆ ತಂಗಿ ವೇದಿಕೆಯ ಮೇಲೆ ನಿಂತಿದ್ದಾಗ ಅವಳ ಕೈಯಲ್ಲೇ ಒಂದೊಂದಾಗಿ ಬಿಚ್ಚಿಕೊಂಡಿತು. ಆ ಪರಿಮಳ ಮುಂದಿನ ಸಾಲಿನ ಕುರ್ಚಿಗಳವರೆಗೂ ಬಂತು. ಮೇ ತಿಂಗಳು ಮಲ್ಲಿಗೆಯ ಹಂಗಾಮು, ಮೊಗ್ಗು ತುಂಬಿಕೊಂಡಿರುತ್ತದೆ. ಮೈಸೂರು, ಉಡುಪಿ ಮಲ್ಲಿಗೆಗಳ ಜೊತೆಯಲ್ಲಿ 2007-08ರಲ್ಲಿ ಭೌಗೋಳಿಕ ಸೂಚಿ ಪಡೆದ ಮಲ್ಲಿಗೆ ಬೆಳೆಯುವ ಹೂವಿನ ಹಡಗಲಿ ನಮಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಇಷ್ಟೆಲ್ಲ ಇರುವಾಗ ನಾನು ಗಾಜಿನ ಮನೆಯ ಹೂವಿಗೆ ಬಸ್ಸು ಹತ್ತಿಸಿದ್ದೆ.

ಗುಚ್ಛದ ಗಾತ್ರದ ವಿಷಯವಂತೂ ನಾನು ಯೋಚಿಸಿಯೇ ಇರಲಿಲ್ಲ. ನಮ್ಮ ಮದುಮಗಳಿಗೆ ಕೈ ಬಿಡುವಿಲ್ಲ. ಮುಂಗೈ ತುಂಬ ಹಸಿರು ಬಳೆ, ಮೇಲೆ ಕಂಕಣ, ಜಾರುವ ಸೆರಗು. ಹಿರಿಯರು ಬಂದಂತೆಲ್ಲ ಬಗ್ಗಿ ಕಾಲಿಗೆ ನಮಸ್ಕರಿಸಬೇಕು, ಮುಯ್ಯಿಯ ಕವರು ಇಸಿದುಕೊಳ್ಳಬೇಕು. ಎರಡೂ ಕೈಯಲ್ಲಿ ತಬ್ಬಿ ಹಿಡಿಯುವಂಥ ದೊಡ್ಡ ಗುಚ್ಛವನ್ನು ಪ್ರತಿ ಸಲ ಯಾರ ಕೈಗಾದರೂ ಕೊಡಬೇಕಾಗುತ್ತದೆ. ಒಂಬತ್ತು ಗುಲಾಬಿಯ ಆ ಸಣ್ಣ ಕಟ್ಟು ಅವಳ ಎಡಗೈಯಲ್ಲೇ ನಿಂತಿತು. ಹೂಗಾರ ಅಮ್ಮ ದಂಟಿಗೆ ಬಟ್ಟೆ ಸುತ್ತುವ ಮೊದಲು ಒಂದೊಂದು ಮುಳ್ಳನ್ನೂ ಉಗುರಿನಿಂದ ಕಿತ್ತು, ತಮ್ಮ ಅಂಗೈಯಲ್ಲಿ ಉಜ್ಜಿ ನೋಡಿದ್ದರು.

ಈಗ ಓಣಿಯಲ್ಲಿ ಯಾರ ಮದುವೆಯಾದರೂ ಬೊಕೆ ಆರಿಸಲು ನನ್ನನ್ನು ಕರೆಯುತ್ತಾರೆ. ಬಣ್ಣ ಯಾವುದು ಎಂದು ಕೇಳುವ ಮೊದಲು, ಹುಡುಗಿ ಅದನ್ನು ಎಷ್ಟು ಹೊತ್ತಿಗೆ ಹಿಡಿಯುತ್ತಾಳೆ ಎಂದು ಕೇಳುತ್ತೇನೆ. ಬಳೆ ತೊಡಿಸಿದ ಮೇಲೆ ಒಂದು ತಂಬಿಗೆ ಅವಳ ಕೈಗೆ ಕೊಟ್ಟು, ಬಗ್ಗಿ ಏಳು ಅನ್ನುತ್ತೇನೆ. ಹೋದ ವರ್ಷ ದೇವದುರ್ಗದ ಬೀಗರ ಮನೆಯಲ್ಲಿ ಮೊದಲು ಒಳಗೆ ಹೋಗಿ ನಾನು ಕೇಳಿದ್ದು, “ಹಣ್ಣು ಯಾವ ಕೋಲ್ಯಾಗ ಇಟ್ಟೀರಿ?”