ಅರಸು ಮನೆತನಗಳ ಅಳಿವು ಉಳಿವು

ಅರಸು ಮನೆತನಗಳ ಚರಿತ್ರೆಯೆಂದರೆ ಕೇವಲ ಯುದ್ಧಗಳ, ಪಟ್ಟಾಭಿಷೇಕಗಳ ಚರಿತ್ರೆಯಲ್ಲ. ಅದು ತೆರಿಗೆಯ ಚರಿತ್ರೆಯೂ ಹೌದು. ಉಳುವವನ ಕಣದಿಂದ ಎಷ್ಟನ್ನು ಪಡೆಯಬಹುದು, ಯಾರನ್ನು ಕೇಳಿ ಪಡೆಯಬೇಕು ಎಂಬ ಪ್ರಶ್ನೆಯ ಮೇಲೆಯೇ ಅನೇಕ ಸಿಂಹಾಸನಗಳು ನಿಂತಿವೆ, ಉರುಳಿಯೂ ಇವೆ. ದೂರದ ಇಂಗ್ಲೆಂಡಿನಂತೆಯೇ ತುಮಕೂರು ಸೀಮೆಯೂ ಇದಕ್ಕೆ ಸಾಕ್ಷಿ.

ಇಂಗ್ಲೆಂಡಿನ ದೊರೆ ಜಾನ್ ಮನಬಂದಂತೆ ಹಣ ವಸೂಲು ಮಾಡಿದಾಗ ಅಲ್ಲಿನ ಸರದಾರರು ಬಂಡೆದ್ದರು. 1215ರಲ್ಲಿ ‘ಮ್ಯಾಗ್ನಾ ಕಾರ್ಟಾ’ ಎಂಬ ಸನ್ನದಿಗೆ ಅವನ ಮುದ್ರೆ ಹಾಕಿಸಿದರು. ದೊರೆಯೂ ಕಾನೂನಿಗೆ ಅಧೀನನೆಂಬುದು ಅದರ ತಿರುಳು. ಪಾರ್ಲಿಮೆಂಟಿನೊಡನೆ ಕಾಳಗಕ್ಕಿಳಿದ ಒಂದನೆಯ ಚಾರ್ಲ್ಸ್ 1649ರಲ್ಲಿ ಶಿರಚ್ಛೇದನಕ್ಕೆ ಗುರಿಯಾದನು. ಪಾರ್ಲಿಮೆಂಟಿನ ಸಮ್ಮತಿಯಿಲ್ಲದೆ ದೊರೆಯು ತೆರಿಗೆ ವಿಧಿಸಕೂಡದೆಂದು 1689ರ ಹಕ್ಕುಗಳ ಶಾಸನ ಸಾರಿತು. ಮುಂದೆ ಶ್ರೀಮಂತ ಮನೆತನಗಳ ಅಧಿಕಾರವೂ ಕುಗ್ಗಿತು. ವಂಶಪಾರಂಪರ್ಯದ ಹಕ್ಕಿನಿಂದ ಮೇಲ್ಮನೆಯಲ್ಲಿ ಕುಳಿತಿದ್ದವರಲ್ಲಿ ಬಹುಪಾಲು ಜನ 1999ರಲ್ಲಿ ಆ ಸ್ಥಾನವನ್ನು ಕಳೆದುಕೊಂಡರು. 2022ರಲ್ಲಿ ಪಟ್ಟಕ್ಕೆ ಬಂದ ಮೂರನೆಯ ಚಾರ್ಲ್ಸ್ ದೊರೆಗೆ ಕಿರೀಟವುಂಟು. ತೆರಿಗೆ ವಿಧಿಸುವ ಅಧಿಕಾರವಿಲ್ಲ. ಅಧಿಕಾರವನ್ನು ಬಿಟ್ಟುಕೊಟ್ಟುದರಿಂದಲೇ ಅಲ್ಲಿ ಅರಸೊತ್ತಿಗೆ ಉಳಿಯಿತು.

ತುಮಕೂರು ಸೀಮೆಯಲ್ಲಿಯೂ ಒಂದು ಕಾಲಕ್ಕೆ ಅನೇಕ ಪಾಳೆಯಗಾರ ಮನೆತನಗಳಿದ್ದವು. ಗುಬ್ಬಿಯನ್ನು ಕಟ್ಟಿಸಿದವರು ಸಮೀಪದ ಹೊಸಹಳ್ಳಿಯ ಗೌಡರೆಂದು ಪ್ರತೀತಿ. ಮೈಸೂರಿನ ಅರಸರು ಆ ಮನೆತನದ ಮೇಲೆ ಕಪ್ಪ ಹೊರಿಸಿದರು. ಹೈದರಾಲಿ ಅದನ್ನು ಹಲವು ಪಟ್ಟು ಏರಿಸಿದನು. ಟಿಪ್ಪುವಿನ ಕಾಲಕ್ಕೆ ಅವರ ಆಳ್ವಿಕೆಯೇ ಕೊನೆಗೊಂಡಿತು. ಕಪ್ಪದ ಭಾರ ಕೊನೆಗೆ ಬೀಳುವುದು ಯಾರ ಹೆಗಲ ಮೇಲೆ? ಗೌಡರು ಮೈಸೂರಿಗೆ ತೆತ್ತುದನ್ನೆಲ್ಲ ಗುಬ್ಬಿಯ ರೈತನೇ ಬೆಳೆಯಬೇಕಾಗಿತ್ತು.

ಕಪ್ಪ ಪಡೆಯುತ್ತಿದ್ದ ಮೈಸೂರೇ ಕಪ್ಪ ಕೊಡುವ ಕಾಲವೂ ಬಂದಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಇಂಗ್ಲಿಷರು ಐದು ವರ್ಷದ ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಸಿಂಹಾಸನದಲ್ಲಿ ಕೂರಿಸಿ, ವರ್ಷಕ್ಕೆ 7 ಲಕ್ಷ ವರಹಗಳ ಪೊಗದಿಯನ್ನು ಗೊತ್ತುಮಾಡಿದರು. ಕಂದಾಯ ವಸೂಲಿಯ ದಬ್ಬಾಳಿಕೆಯಿಂದ ಬೇಸತ್ತ ಮಲೆನಾಡಿನ ನಗರ ಸೀಮೆಯ ರೈತರು 1830ರಲ್ಲಿ ದಂಗೆಯೆದ್ದರು. ಅದನ್ನೇ ನೆಪವಾಗಿಸಿಕೊಂಡು 1831ರಲ್ಲಿ ಇಂಗ್ಲಿಷರು ಆಡಳಿತವನ್ನು ಕೈವಶ ಮಾಡಿಕೊಂಡರು. ಅರಸರಿಗೆ ಪಟ್ಟವಿತ್ತು, ರಾಜ್ಯವಿರಲಿಲ್ಲ. ಅವರ ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ 1881ರಲ್ಲಿ ರಾಜ್ಯ ಮರಳಿ ದೊರೆಯುವ ಹೊತ್ತಿಗೆ ಐವತ್ತು ವರ್ಷಗಳು ಸಂದಿದ್ದವು.

ಆ ಪಾಠ ವ್ಯರ್ಥವಾಗಲಿಲ್ಲ. ಅದೇ ವರ್ಷ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ಆ ಸಭೆಗೆ ಶಾಸನ ರಚಿಸುವ ಅಧಿಕಾರವಿರಲಿಲ್ಲ. ಆದರೆ ರೈತರ, ವರ್ತಕರ ಅಹವಾಲು ದಿವಾನರ ಕಿವಿಗೆ ನೇರವಾಗಿ ಬೀಳತೊಡಗಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಶಿಂಷಾ ನದಿಗೆ ಅಣೆಕಟ್ಟೆಯನ್ನು ಕಟ್ಟಲಾಯಿತು. ನೀರು ಮಿತಿಮೀರಿದಾಗ ತಾನಾಗಿಯೇ ಹೊರಹರಿಯುವಂತೆ ಮಾಡುವ ಸೈಫನ್ ವ್ಯವಸ್ಥೆ ಅದರ ವೈಶಿಷ್ಟ್ಯ. ರೈತನು ತೆತ್ತ ಕಂದಾಯ ನೀರಾಗಿ ಅವನ ಗದ್ದೆಗೆ ಮರಳಿತು.

ಆದರೆ ಎಷ್ಟೇ ಒಳ್ಳೆಯ ಅರಸುತನವೂ ಸ್ವರಾಜ್ಯಕ್ಕೆ ಸಮನಾಗಲಾರದು. 1947ರ ‘ಮೈಸೂರು ಚಲೋ’ ಚಳವಳಿಯ ಫಲವಾಗಿ ಜವಾಬ್ದಾರಿ ಸರ್ಕಾರ ಸ್ಥಾಪನೆಯಾಯಿತು. ಜಯಚಾಮರಾಜೇಂದ್ರ ಒಡೆಯರು ಮುಂದೆ ರಾಜಪ್ರಮುಖರಾಗಿ, ರಾಜ್ಯಪಾಲರಾಗಿ, ಸಂವಿಧಾನಕ್ಕೆ ಬದ್ಧರಾಗಿ ಸೇವೆ ಸಲ್ಲಿಸಿದರು. 1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿಯು ಮಾಜಿ ಅರಸರ ರಾಜಧನವನ್ನೂ ವಿಶೇಷ ಮನ್ನಣೆಯನ್ನೂ ರದ್ದುಪಡಿಸಿತು.

ಇಂದು ತೆರಿಗೆಯ ನಿರ್ಧಾರ ಜನರು ಆರಿಸಿದ ಪ್ರತಿನಿಧಿಗಳದು. ಆಳುವವರು ಬದಲಾದರೂ ಅವರನ್ನು ಅಳೆಯುವ ಕೋಲು ಬದಲಾಗಿಲ್ಲ. ಕುಣಿಗಲ್ ಕೆರೆಯನ್ನು ಕುರಿತ ಜನಪದ ಗೀತೆ ಇಂದಿಗೂ ನಾಡಿನಲ್ಲೆಲ್ಲ ಕೇಳಿಬರುತ್ತದೆ. ಕೋಟೆಗಳು ಪಾಳುಬಿದ್ದಿವೆ, ಜನ ಹಾಡುತ್ತಿರುವುದು ಕೆರೆಯನ್ನು.